ಹುಟ್ಟಿದ ವಾರ

ಘಾನಾದ ಆಕ್ರೊಪಾಂಗಿನ ಚರ್ಚಿನಲ್ಲಿ ಮೊದಲ ಭಾನುವಾರವೇ ನನ್ನನ್ನು ಪೇಚಿಗೆ ಸಿಕ್ಕಿಸಿದ ಪ್ರಶ್ನೆಗೂ ನಂಬಿಕೆಗೂ ಸಂಬಂಧವಿರಲಿಲ್ಲ. ಪ್ರಸಂಗ ಮುಗಿದು ಕಾಣಿಕೆಯ ಹೊತ್ತಾಗಿತ್ತು. ನಮ್ಮ ಸಭೆಗಳಲ್ಲಿ ನಡೆಯುವಂತೆ ಚೀಲ ಸಾಲಿನಿಂದ ಸಾಲಿಗೆ ಬರುತ್ತದೆ, ಮುಷ್ಟಿಯಲ್ಲಿದ್ದುದನ್ನು ಯಾರಿಗೂ ಕಾಣದಂತೆ ಒಳಗೆ ಬಿಟ್ಟರಾಯಿತು ಎಂದುಕೊಂಡು, ಹತ್ತು ಸೆಡಿಯ ನೋಟೊಂದನ್ನು ನಾಲ್ಕಾಗಿ ಮಡಚಿ ಹಿಡಿದು ಕುಳಿತಿದ್ದೆ. ಅಷ್ಟರಲ್ಲಿ ಹಿರಿಯರೊಬ್ಬರು ಮೈಕಿನ ಮುಂದೆ ನಿಂತು ಏನನ್ನೋ ಕೂಗಿದರು, ಡೋಲು ಶುರುವಾಯಿತು, ಚರ್ಚಿನ ತುಂಬ ಅಲ್ಲೊಬ್ಬರು ಇಲ್ಲೊಬ್ಬರು ಎದ್ದು ಬಿಳಿಯ ಕರವಸ್ತ್ರ ಬೀಸುತ್ತ, ಹೆಜ್ಜೆ ಹಾಕುತ್ತ ನಡುದಾರಿಗೆ ಇಳಿದರು. ಅವರೆಲ್ಲ ಸೋಮವಾರ ಹುಟ್ಟಿದವರಂತೆ. ಅವರ ಸರದಿ ಮುಗಿಯುತ್ತಿದ್ದಂತೆ ಮಂಗಳವಾರದವರನ್ನು ಕರೆದರು. ಪಕ್ಕದಲ್ಲಿ ಕುಳಿತಿದ್ದ ನನ್ನ ಮನೆಯೊಡತಿ ಕಿವಿಯ ಹತ್ತಿರ ಬಾಗಿ, "ನೀನು ಯಾವ ವಾರದವಳು?" ಎಂದು ಕೇಳಿದರು. ತಾರೀಖು ಗೊತ್ತು, ವಾರ ಗೊತ್ತಿಲ್ಲ ಎಂದೆ. ಹೆತ್ತ ತಾಯಿಯ ಹೆಸರು ಗೊತ್ತಿಲ್ಲ ಎನ್ನುವವರನ್ನು ನಾವು ಹೇಗೆ ನೋಡುತ್ತೇವೆಯೋ ಆಕೆ ನನ್ನನ್ನು ಹಾಗೆ ನೋಡಿದರು. ಏಳೂ ವಾರಗಳು ಕುಣಿದು ಮುಗಿದ ಮೇಲೆ "ಅತಿಥಿಗಳು" ಎಂಬ ಕರೆ ಬಂತು. ಆ ದಿನ ಚರ್ಚಿನಲ್ಲಿದ್ದ ಅತಿಥಿ ನಾನೊಬ್ಬಳೇ. ನಾನು ಕುಣಿಯಲಿಲ್ಲ, ನಡೆದುಕೊಂಡು ಹೋಗಿ ಬಂದೆ. ಅಷ್ಟು ಉದ್ದದ ನಡುದಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಕಾಣಿಕೆಗೆ ಅಲ್ಲಿ "ಕೋಫಿ ನೆ ಅಮಾ" ಎಂದು ಹೆಸರು. ಟ್ವಿ ಭಾಷೆಯಲ್ಲಿ "ನೆ" ಎಂದರೆ "ಮತ್ತು". ಶುಕ್ರವಾರ ಹುಟ್ಟಿದ ಗಂಡು ಕೋಫಿ, ಶನಿವಾರ ಹುಟ್ಟಿದ ಹೆಣ್ಣು ಅಮಾ. ಟ್ವಿ ಮಾತಾಡುವ ಅಕಾನ್ ಜನರಲ್ಲಿ ಪ್ರತಿಯೊಂದು ಮಗುವಿಗೂ ಹುಟ್ಟಿದ ವಾರವೇ ಮೊದಲ ಹೆಸರು. ವಿಶ್ವಸಂಸ್ಥೆಯ ಕೋಫಿ ಅನ್ನಾನ್ ಶುಕ್ರವಾರ ಹುಟ್ಟಿದವರು, ಘಾನಾದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರೂಮಾ ಶನಿವಾರದವರು ಎಂಬುದು ನನಗೆ ಹೊಳೆದದ್ದೇ ಆ ದಿನ. ಅಲ್ಲಿಯವರೆಗೆ ಅವು ನನಗೆ ಬರಿಯ ಹೆಸರುಗಳಾಗಿದ್ದವು. ಕಾಣಿಕೆ ಮುಗಿದ ಮೇಲೆ ಯಾವ ವಾರದವರು ಎಷ್ಟು ಹಾಕಿದರೆಂಬುದನ್ನು ಎಣಿಸಿ ಘೋಷಿಸುತ್ತಾರೆ. ಗೆದ್ದವರು ಕೇಕೆ ಹಾಕುತ್ತಾರೆ, ಹಿಂದೆ ಬಿದ್ದವರನ್ನು ಹಿರಿಯರು ಎಲ್ಲರೆದುರಿಗೆ ಛೇಡಿಸುತ್ತಾರೆ. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂಬ ವಚನವನ್ನು ಬಾಲ್ಯದಿಂದ ಕೇಳಿಕೊಂಡು ಬಂದ ನನಗೆ ಮೊದಲು ಮುಜುಗರವಾಯಿತು, ಆಮೇಲೆ ನಗು ಬಂತು.

ಊರಿಗೆ ಬಂದು ನಾಲ್ಕು ದಿನವಷ್ಟೇ ಆಗಿದ್ದ ಹೊಸಬಳ ಇರುಸುಮುರುಸು ಎಂದು ಇದನ್ನು ಬಿಟ್ಟುಬಿಡಬಹುದಿತ್ತು. ಆದರೆ ನಾನು ಹೋದದ್ದು ಪರಕೀಯರ ಚರ್ಚಿಗಲ್ಲ. ಆಕ್ರೊಪಾಂಗಿನ ಸಭೆಯನ್ನು ಕಟ್ಟಿದ್ದು ಬಾಸೆಲ್ ಮಿಶನ್. ನನ್ನ ಮುತ್ತಜ್ಜನಿಗೆ ದೀಕ್ಷಾಸ್ನಾನ ಕೊಟ್ಟದ್ದೂ ಅದೇ ಮಿಶನ್. ಮೋಗ್ಲಿಂಗ್, ಕಿಟೆಲರ ಕಥೆಯನ್ನು ಕನ್ನಡಿಗರಿಗೆ ಮತ್ತೆ ಹೇಳಬೇಕಾಗಿಲ್ಲ. ಅವರನ್ನು ಕಳಿಸಿದ ಬಾಸೆಲ್ಲಿನ ಸಮಿತಿಯೇ ಮಂಗಳೂರಿಗಿಂತ ಆರು ವರ್ಷ ಮೊದಲು, 1828ರಲ್ಲಿ, ಆಗ ಗೋಲ್ಡ್ ಕೋಸ್ಟ್ ಎನ್ನುತ್ತಿದ್ದ ಘಾನಾಕ್ಕೆ ನಾಲ್ವರನ್ನು ಕಳಿಸಿತ್ತು. ಕಿಟೆಲರ ಕನ್ನಡ ನಿಘಂಟು 1894ರಲ್ಲಿ ಬಂದರೆ ಅಲ್ಲಿ ದುಡಿದ ಅದೇ ಮಿಶನ್ನಿನ ಕ್ರಿಸ್ಟಾಲರರ ಟ್ವಿ ನಿಘಂಟು 1881ರಲ್ಲಿ ಬಂತು. ಹಾಗಾಗಿ ಆಕ್ರೊಪಾಂಗಿಗೆ ಹೋಗುವಾಗ ದೂರದ ಚಿಕ್ಕಪ್ಪನ ಮನೆಗೆ ಹೋಗುತ್ತಿದ್ದೇನೆ ಎಂಬ ಭಾವನೆ ನನಗಿತ್ತು. ಚಿಕ್ಕಪ್ಪನ ಮನೆಯಲ್ಲಿ ಮೊದಲು ಕೇಳುವ ಪ್ರಶ್ನೆಗೇ ಉತ್ತರವಿಲ್ಲದೆ ನಿಂತಾಗ ಯೋಚನೆ ಹತ್ತಿತು. ಒಂದೇ ಮಿಶನ್, ಒಂದೇ ಕಟ್ಟಳೆ, ಹೆಚ್ಚುಕಡಿಮೆ ಒಂದೇ ಕಾಲ. ಆದರೆ ಅವರ ಹುಟ್ಟಿದ ವಾರ ಪೂಜಾವೇದಿಕೆಯ ಮುಂದೆ ಕುಣಿಯುತ್ತಿದೆ, ನನ್ನದು ಎಲ್ಲಿ ಹೋಯಿತು?

ಗಂಟೆ

ಅಕ್ರಾದಿಂದ ಆಕ್ರೊಪಾಂಗಿಗೆ ಐವತ್ತು ಕಿಲೋಮೀಟರಿನಷ್ಟು ದಾರಿ. ಟ್ರೊಟ್ರೊ ಎಂದು ಕರೆಯುವ ವ್ಯಾನು ಬಯಲು ಮುಗಿದೊಡನೆ ಅಕುವಾಪೆಮ್ ಗುಡ್ಡಸಾಲನ್ನು ಹತ್ತತೊಡಗುತ್ತದೆ. ಅಬುರಿ, ಮಾಂಪಾಂಗ್, ಮಾಂಫೆ ಎಂದು ಒಂದರ ಬೆನ್ನಿಗೆ ಒಂದು ಅಂಟಿಕೊಂಡ ಊರುಗಳು ಗುಡ್ಡದ ನೆತ್ತಿಯುದ್ದಕ್ಕೂ ಹಬ್ಬಿವೆ. ನಾನು ಹೋದದ್ದು ಜನವರಿಯಲ್ಲಿ, ಹರ್ಮಟಾನ್ ಗಾಳಿಯ ಕಾಲದಲ್ಲಿ. ಸಹಾರಾದ ಧೂಳು ಆಕಾಶವನ್ನೆಲ್ಲ ತುಂಬಿ ಎದುರಿನ ಗುಡ್ಡವೂ ಕಾಣುತ್ತಿರಲಿಲ್ಲ, ತುಟಿ ಒಡೆಯುತ್ತಿತ್ತು, ರಾತ್ರಿ ಒಗೆದು ಹಾಕಿದ ಬಟ್ಟೆ ಬೆಳಗಿನೊಳಗೆ ಹಪ್ಪಳದಂತೆ ಗರಿಯಾಗುತ್ತಿತ್ತು. ಹಳೆಯ ಭಾಷಾಂತರಗಳ ಚರಿತ್ರೆ ಓದಲೆಂದು ಮೂರು ತಿಂಗಳ ಮಟ್ಟಿಗೆ ಹೋಗಿದ್ದ ನನಗೆ ಮಿಶನ್ ಕೇರಿಯ ಒಂದು ಮನೆಯಲ್ಲಿ ಕೋಣೆ ಸಿಕ್ಕಿತ್ತು. ಮನೆಯೊಡತಿ ಎಪ್ಪತ್ತು ದಾಟಿದ ನಿವೃತ್ತ ಶಾಲಾ ಶಿಕ್ಷಕಿ. ಕೇರಿಯವರೆಲ್ಲ ಆಕೆಯನ್ನು "ಆಂಟಿ" ಎನ್ನುತ್ತಿದ್ದುದರಿಂದ ನಾನೂ ಹಾಗೆಯೇ ಕರೆದೆ.

ಅಲ್ಲಿ ದಿನ ಶುರುವಾಗುವುದು ಕತ್ತಲಿರುವಾಗಲೇ. ಗಂಟೆಯ ಸದ್ದಿನ ಹಿಂದೆಯೇ ಪೊರಕೆಯ ಸದ್ದು ಕೇಳುತ್ತದೆ. ತಾಳೆಗರಿಯ ಕಡ್ಡಿಗಳನ್ನು ಕಟ್ಟಿ ಮಾಡಿದ, ಹಿಡಿಯೇ ಇಲ್ಲದ ಗಿಡ್ಡ ಪೊರಕೆ; ಮಕ್ಕಳು ಸೊಂಟದಲ್ಲಿ ಎರಡಾಗಿ ಬಾಗಿ, ಎಡಗೈಯನ್ನು ಬೆನ್ನ ಮೇಲಿಟ್ಟುಕೊಂಡು, ಕೆಂಪು ಮಣ್ಣಿನ ಅಂಗಳದಲ್ಲಿ ಅರ್ಧಚಂದ್ರಾಕಾರದ ಗೆರೆಗಳನ್ನು ಎಳೆಯುತ್ತ ಹಿಂದೆ ಹಿಂದೆ ಸರಿಯುತ್ತಾರೆ. ಕಸವಿಲ್ಲದ ದಿನವೂ ಗುಡಿಸಬೇಕು. ಗೆರೆಗಳು ಕಾಣಬೇಕು, ಹೆಜ್ಜೆಯ ಗುರುತು ಉಳಿಯಬಾರದು. ನೆರೆಮನೆಯ ಹುಡುಗನೊಬ್ಬ ಒಂದು ಮೂಲೆ ಬಿಟ್ಟು ಓಡಿದಾಗ ಆಂಟಿ ಕಿಟಕಿಯಿಂದಲೇ ಕೂಗಿ ವಾಪಸು ಕರೆಸಿದ್ದನ್ನು ನೋಡಿದ್ದೇನೆ. ಇದಕ್ಕೆ ಘಾನಾದಲ್ಲಿ "ಪ್ರೆಸ್ಬಿ ಶಿಸ್ತು" ಎಂದೇ ಹೆಸರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರ ಕೊನೆಗೆ, ಬ್ರಿಟಿಷ್ ಸರಕಾರ ಬಾಸೆಲ್ಲಿನವರನ್ನು ಅಲ್ಲಿಂದ ಹೊರಗೆ ಹಾಕಿತು. ಅವರ ಜಾಗಕ್ಕೆ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ನರು ಬಂದರು. ಹೆಸರು ಪ್ರೆಸ್ಬಿಟೇರಿಯನ್ ಆಯಿತು, ಪೊರಕೆ ಬಾಸೆಲ್ಲಿನದಾಗಿಯೇ ಉಳಿಯಿತು. (ಆಗ ಘಾನಾ, ಭಾರತ ಎರಡೂ ದೇಶಗಳ ಮಿಶನ್ ವ್ಯಾಪಾರವನ್ನು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಒಂದೇ ಬ್ರಿಟಿಷ್ ಕಂಪನಿಗೆ ಒಪ್ಪಿಸಲಾಯಿತು. ನಮ್ಮ ಹೆಂಚಿನ ಕಾರ್ಖಾನೆಗಳ ಕಥೆ ಬಲ್ಲವರಿಗೆ ಈ ಹೆಸರು ಪರಿಚಿತ.)

ಶಾಲೆಗಳಲ್ಲಿ ಪಾಠಕ್ಕೆ ಮೊದಲು ಪ್ರಾರ್ಥನೆ, ಆಮೇಲೆ ಸಾಲಾಗಿ ತರಗತಿಯೊಳಕ್ಕೆ ನಡಿಗೆ. ಬುಧವಾರ, ಶುಕ್ರವಾರದ ಸಂಜೆಗಳಲ್ಲಿ ಒಂದಲ್ಲ ಒಂದು ಗುಂಪಿನ ಹಾಡಿನ ತಾಲೀಮು. ಶನಿವಾರ ಶವಸಂಸ್ಕಾರಗಳ ದಿನ, ಊರೆಲ್ಲ ಕಪ್ಪು ಕೆಂಪು ಬಟ್ಟೆ. ಮರುದಿನ ಅದೇ ಮನೆಯವರು ಕೃತಜ್ಞತೆಯ ಆರಾಧನೆಗೆ ಬಿಳಿಯುಟ್ಟು ಬರುತ್ತಾರೆ. ಭಾನುವಾರ ಮಧ್ಯಾಹ್ನ ಎಲ್ಲ ಅಂಗಳಗಳಿಂದಲೂ ಫುಫು ಕುಟ್ಟುವ ಸದ್ದು. ಒಬ್ಬರು ಒನಕೆ ಎತ್ತಿ ಹಾಕುತ್ತಾರೆ, ಇನ್ನೊಬ್ಬರು ಎರಡು ಏಟುಗಳ ನಡುವಿನ ಸಂದಿನಲ್ಲಿ ಕೈಹಾಕಿ ಮುದ್ದೆಯನ್ನು ಮಗುಚುತ್ತಾರೆ. ತಾಳ ತಪ್ಪಿದರೆ ಬೆರಳು ಹೋಯಿತು. ನಾನು ಬಹಳ ಸಲ ನಿಂತು ನೋಡಿದ್ದೇನೆ, ಯಾರೂ ಎಣಿಸುವುದಿಲ್ಲ, ಬಾಯಿ ತೆರೆದು ಸೂಚನೆ ಕೊಡುವುದಿಲ್ಲ, ಬೇರೆ ಯಾವುದೋ ವಿಷಯ ಮಾತಾಡಿಕೊಳ್ಳುತ್ತಲೇ ಕುಟ್ಟುತ್ತಾರೆ.

ರಾತ್ರಿ ಊಟಕ್ಕೆ ಮೊದಲು ಮನೆಪ್ರಾರ್ಥನೆ. ಬೇಯಿಸಿದ ಯಾಮ್ ಗೆಡ್ಡೆ, ಕೆಸುವಿನ ಎಲೆಯ ಕೊಂಟೊಮಿರೆ ಪಲ್ಯ ಮೇಜಿನ ಮೇಲೆ ತಣ್ಣಗಾಗುತ್ತಿದ್ದರೂ ಆಂಟಿ ಅಧ್ಯಾಯವನ್ನು ಅರ್ಧಕ್ಕೆ ನಿಲ್ಲಿಸಿದವರಲ್ಲ. ಕರೆಂಟು ಹೋದ ರಾತ್ರಿಗಳಲ್ಲಿ ಮೊಮ್ಮಗಳು ಮೊಬೈಲಿನ ಬೆಳಕನ್ನು ಪುಟದ ಮೇಲೆ ಹಿಡಿಯುತ್ತಿದ್ದಳು. ಕೊನೆಗೆ ಕರ್ತನ ಪ್ರಾರ್ಥನೆ. ಅವರು ಟ್ವಿಯಲ್ಲಿ, ನಾನು ಕನ್ನಡದಲ್ಲಿ ಮೆಲ್ಲಗೆ. "ಯೆನ್ ಅಜ್ಯಾ" ಎಂದು ಅವರು ಶುರುಮಾಡಿದಾಗಲೆಲ್ಲ ನನ್ನ ಕಿವಿಗೆ "ನಮ್ಮಜ್ಜ" ಎಂದೇ ಕೇಳುತ್ತಿತ್ತು. ಅಜ್ಯಾ ಎಂದರೆ ತಂದೆ ಎಂದು ಗೊತ್ತಾದ ಮೇಲೂ ಕಿವಿ ತನ್ನ ಹಟ ಬಿಡಲಿಲ್ಲ. "ಪರಿಶುದ್ಧವೆಂದು ಎಣಿಸಲ್ಪಡಲಿ" ಎಂಬ ನಮ್ಮ ಉದ್ದನೆಯ ಕ್ರಿಯಾಪದದಲ್ಲಿ ನಾನು ಹಿಂದೆ ಬೀಳುತ್ತಿದ್ದೆ, "ಅನುದಿನದ ಆಹಾರ"ದ ಹತ್ತಿರ ಅವರನ್ನು ಹಿಡಿಯುತ್ತಿದ್ದೆ, ಆಮೆನ್ ಮಾತ್ರ ಎಲ್ಲರದೂ ಒಟ್ಟಿಗೆ.

ಸಾಲೇಮ್

ಮಿಶನ್ ಕೇರಿಗೆ ಆಕ್ರೊಪಾಂಗಿನಲ್ಲಿ, ಘಾನಾದ ಇತರ ಹಲವು ಊರುಗಳಲ್ಲಿಯೂ, "ಸಾಲೇಮ್" ಎಂದು ಹೆಸರು. ಮೆಲ್ಕೀಚೆದೆಕನು ಆಳಿದನೆಂದು ಸತ್ಯವೇದ ಹೇಳುವ ಪಟ್ಟಣದ ಹೆಸರದು. ಮಿಶನ್ನಿನ ಕಾಲದಲ್ಲಿ ದೀಕ್ಷಾಸ್ನಾನ ಪಡೆದವರು ಹಳೆಯ ಕೇರಿಯಿಂದ ಎದ್ದು ಸಾಲೇಮಿಗೆ ಬಂದು ಮನೆ ಕಟ್ಟಬೇಕಿತ್ತು. ಅಲ್ಲಿ ಗಂಟೆಗೆ ತಕ್ಕಂತೆ ಬದುಕು, ಹಿರಿಯರ ಮಾತಿಗೆ ತಕ್ಕಂತೆ ನಡೆ. ಪೂರ್ವಿಕರಿಗೆ ಮದ್ಯದ ತರ್ಪಣ ಬಿಡುವಂತಿರಲಿಲ್ಲ, ಡೋಲು ಬಾರಿಸುವಂತಿರಲಿಲ್ಲ, ಕುಣಿಯುವಂತಿರಲಿಲ್ಲ. ಮಂಗಳೂರಿನ ಬಲ್ಮಠದ ಗುಡ್ಡದ ಸುತ್ತ ಬೆಳೆದ ಕೇರಿಯನ್ನು ಬಲ್ಲವರಿಗೆ ಇದರ ನಕ್ಷೆಯನ್ನು ಬಿಡಿಸಿ ತೋರಿಸಬೇಕಾಗಿಲ್ಲ. ವ್ಯತ್ಯಾಸವಿದ್ದದ್ದು ತಳ್ಳುವ ಬಲದಲ್ಲಿ. ನಮ್ಮಲ್ಲಿ ಕ್ರೈಸ್ತನಾದವನನ್ನು ಜಾತಿಯೇ ಹೊರಗೆ ಹಾಕುತ್ತಿತ್ತು, ಮಿಶನ್ ಆತನಿಗೆ ಸೂರು, ಮಗ್ಗ, ಹೆಂಚಿನ ಕೆಲಸ ಒದಗಿಸಬೇಕಾಗುತ್ತಿತ್ತು. ಅಲ್ಲಿ ಮನೆಯವರು ಯಾರನ್ನೂ ಹೊರಹಾಕಲಿಲ್ಲ. ಹೊರಗೆ ಬಾ ಎಂದು ಕರೆದದ್ದು ಮಿಶನ್. ಅಮ್ಮನ ಮನೆ ಕೂಗಳತೆಯಲ್ಲಿಯೇ ಇತ್ತು, ಸಾವಿಗೆ ಮದುವೆಗೆ ಹೋಗಿ ಬರುವುದು ನಿಲ್ಲಲಿಲ್ಲ.

ಆ ಮೊದಲ ನಾಲ್ವರಲ್ಲಿ ಮೂವರು ಬಂದಿಳಿದು ವರ್ಷ ತುಂಬುವ ಮೊದಲೇ ಜ್ವರದಿಂದ ಸತ್ತರು. ಎರಡನೆಯ ತಂಡದಲ್ಲಿ ಬಂದು ಬದುಕುಳಿದವನು ಆಂದ್ರೆಯಾಸ್ ರೀಸ್. ಯುರೋಪಿನ ಔಷಧ ಕೈಬಿಟ್ಟಾಗ ಆತನನ್ನು ಬದುಕಿಸಿದ್ದು ಸ್ಥಳೀಯ ನಾಟಿ ವೈದ್ಯ ಎಂದು ಅಲ್ಲಿ ಎಲ್ಲರೂ ಹೇಳುತ್ತಾರೆ. ರೀಸ್ 1835ರಲ್ಲಿ ಗುಡ್ಡ ಹತ್ತಿ ಆಕ್ರೊಪಾಂಗಿಗೆ ಬಂದು ತಾನೇ ಮನೆ ಕಟ್ಟಿಕೊಂಡ. ಊರವರು ಆತನಿಗೆ ಇಟ್ಟ ಹೆಸರು ಒಸಿಯಡನ್, ಅಂದರೆ ಮನೆ ಕಟ್ಟುವವನು. ದೇವರ ವಾಕ್ಯ ಸಾರಲು ಬಂದವನನ್ನು ಅವರು ನೆನಪಿಟ್ಟುಕೊಂಡದ್ದು ಗೋಡೆ ಎಬ್ಬಿಸಿದ್ದಕ್ಕೆ! ನಮ್ಮ ಕಡೆಯೂ ಬಾಸೆಲ್ ಮಿಶನ್ ಎಂದರೆ ಬಹಳ ಜನರಿಗೆ ಮೊದಲು ನೆನಪಾಗುವುದು ಹೆಂಚು.

ರೀಸ್ ವರ್ಷಗಟ್ಟಲೆ ದುಡಿದರೂ ಯಾರೂ ಸಭೆ ಸೇರಲಿಲ್ಲ. ಸತ್ಯವೇದ ಬಿಳಿಯರ ಪುಸ್ತಕ, ಅದನ್ನು ಓದಬಲ್ಲ ಕರಿಯರನ್ನು ತೋರಿಸು, ಆಗ ನೋಡೋಣ ಎಂದು ಆಗಿನ ಅರಸ ಹೇಳಿದನೆಂಬ ಕಥೆ ಆಕ್ರೊಪಾಂಗಿನಲ್ಲಿ ಪ್ರಚಲಿತವಾಗಿದೆ. ಮಿಶನ್ ಅದನ್ನು ಅಕ್ಷರಶಃ ನಡೆಸಿತು. 1843ರಲ್ಲಿ ಜಮೈಕ ಮತ್ತು ಆಂಟಿಗುವಾದಿಂದ ಮೊರೇವಿಯನ್ ಸಭೆಯ ಕರಿಯ ಕ್ರೈಸ್ತ ಕುಟುಂಬಗಳನ್ನು ಕರೆತಂದು ಅಲ್ಲಿ ನೆಲೆಗೊಳಿಸಿತು. ಯಾವ ಖಂಡದಿಂದ ಅಜ್ಜ ಮುತ್ತಜ್ಜಂದಿರನ್ನು ಹಡಗಿನಲ್ಲಿ ಗುಲಾಮರನ್ನಾಗಿ ಸಾಗಿಸಿದ್ದರೋ ಅದೇ ಖಂಡಕ್ಕೆ ಮೊಮ್ಮಕ್ಕಳು ಸತ್ಯವೇದ ಹಿಡಿದು ಮರಳಿದರು. ಅವರು ಕಟ್ಟಿಕೊಂಡ ಬೀದಿಯ ಹೆಸರು ಹ್ಯಾನೋವರ್. ಅಲ್ಲಿಯ ಮಾವಿನ ಮರಗಳನ್ನು ತೋರಿಸಿ, ಇವು ಜಮೈಕದವರು ತಂದ ಸಸಿಗಳ ಸಂತತಿ ಎಂದು ಊರವರು ಹೇಳುತ್ತಾರೆ. ಮಾವಿನ ಮರವನ್ನು ಜಮೈಕದಿಂದ ಬಂದದ್ದೆಂದು ಒಬ್ಬ ಭಾರತೀಯಳಿಗೆ ಪರಿಚಯಿಸುವಾಗ ಅವರ ಮುಖದಲ್ಲಿದ್ದ ಹೆಮ್ಮೆಯನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ.

ಆ ತಂಡದಲ್ಲಿದ್ದ ಕ್ಯಾಥರಿನ್ ಮಲ್‌ಗ್ರೇವ್ ಎಂಬಾಕೆಯ ಬಗ್ಗೆ ಓದಿದ್ದು ನನ್ನನ್ನು ಬಹಳ ದಿನ ಕಾಡಿತು. ಅಂಗೋಲದಲ್ಲಿ ಹುಟ್ಟಿದ ಹುಡುಗಿಯನ್ನು ಗುಲಾಮ ವ್ಯಾಪಾರಿಗಳು ಹಿಡಿದು ಹಡಗು ಹತ್ತಿಸಿದರು, ಹಡಗು ಜಮೈಕದ ತೀರದಲ್ಲಿ ಒಡೆಯಿತು, ಅಲ್ಲಿಯ ಗವರ್ನರ್ ಮಲ್‌ಗ್ರೇವ್ ಆಕೆಯನ್ನು ಮನೆಗೆ ತೆಗೆದುಕೊಂಡ. ಮೊರೇವಿಯನ್ನರ ಶಾಲೆಯಲ್ಲಿ ಓದಿ ಶಿಕ್ಷಕಿಯಾದ ಆಕೆ ಗೋಲ್ಡ್ ಕೋಸ್ಟಿಗೆ ಬಂದು ಹೆಣ್ಣುಮಕ್ಕಳ ಶಾಲೆ ನಡೆಸಿದರು. 1851ರಲ್ಲಿ ಬಾಸೆಲ್ ಮಿಶನರಿ ಯೋಹಾನೆಸ್ ಜಿಮ್ಮರ್‌ಮನ್ನರನ್ನು ಮದುವೆಯಾದರು, ಗಾ ಭಾಷೆಗೆ ಸತ್ಯವೇದವನ್ನು ತಂದವರು ಈ ಜಿಮ್ಮರ್‌ಮನ್ನರೇ. ನೂರಾರು ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದ ಹೆಂಗಸಿನ ಹೆಸರಿನ ಬಾಲದಲ್ಲಿ ಒಬ್ಬ ಗವರ್ನರನ ಹೆಸರು ಉಳಿದುಕೊಂಡಿತು. ಹೆಸರು ಕಳೆದುಕೊಳ್ಳುವುದಕ್ಕೆ ಎಷ್ಟೊಂದು ದಾರಿಗಳಿವೆ ಎಂದು ಯೋಚಿಸುತ್ತಿದ್ದಾಗ ನನಗೆ ಮತ್ತೆ ಆ ಭಾನುವಾರದ ಪ್ರಶ್ನೆ ನೆನಪಾಯಿತು.

ರಾಗ, ಬಟ್ಟೆ

ಆರಾಧನೆ ಮೂರು ಗಂಟೆ ನಡೆಯುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಾಡು. ಕ್ವಾಯರ್ ಬೇರೆ, ಸಿಂಗಿಂಗ್ ಬ್ಯಾಂಡ್ ಬೇರೆ, ಹೆಂಗಸರ ಸಂಘದ ಹಾಡು ಬೇರೆ. ಸಭೆಯೆಲ್ಲ ಎದ್ದು ನಿಂತು ಹಾಡುವುದು ಮಾತ್ರ ಹಳೆಯ ಜರ್ಮನ್ ಕೋರಲ್‌ಗಳ ಟ್ವಿ ಭಾಷಾಂತರಗಳನ್ನು. ಮೊದಲ ದಿನ ಆರ್ಗನ್ ನಾಲ್ಕು ಸ್ವರ ನುಡಿಸುತ್ತಿದ್ದಂತೆ ನನ್ನ ಗಂಟಲು ತಾನಾಗಿಯೇ ತೆರೆದುಕೊಂಡಿತು, ಆ ರಾಗಕ್ಕೆ ಕನ್ನಡದ ಶಬ್ದಗಳು ನನಗೆ ಬಾಯಿಪಾಠ. ಅವರು ಅವರ ಪದ ಹಾಡಿದರು, ನಾನು ನನ್ನದನ್ನು ಹಾಡಿದೆ, ಯಾರಿಗೂ ತೊಂದರೆಯಾಗಲಿಲ್ಲ.

ತೊಂದರೆ ಬೇರೆ ಕಡೆ ಇತ್ತು, ಅದನ್ನು ತೋರಿಸಿದವರು ಕ್ವಾಯರಿನ ಮುಖ್ಯಸ್ಥರು. ಟ್ವಿಯಲ್ಲಿ ದನಿಯ ಏರಿಳಿತವೇ ಅರ್ಥ. "ಪಪಾ" ಎಂಬ ಎರಡಕ್ಷರವನ್ನು ಎರಡೂ ಕಡೆ ಎತ್ತಿ ಹೇಳಿದರೆ "ಒಳ್ಳೆಯದು", ತಗ್ಗಿಸಿ ಎತ್ತಿದರೆ "ಅಪ್ಪ", ಎರಡನ್ನೂ ತಗ್ಗಿಸಿದರೆ "ಬೀಸಣಿಗೆ". ಜರ್ಮನ್ ರಾಗಕ್ಕೆ ಇದು ಗೊತ್ತಿಲ್ಲ. ಅದು ತನ್ನ ಪಾಡಿಗೆ ಏರಬೇಕಾದಲ್ಲಿ ಏರುತ್ತದೆ, ಶಬ್ದ ಅದರ ಹಿಂದೆ ಎಳೆದುಕೊಂಡು ಹೋಗುತ್ತದೆ. "ನೂರೈವತ್ತು ವರ್ಷ ಹಾಡಿ ಹಾಡಿ ನಮಗೆ ಅಭ್ಯಾಸವಾಗಿದೆ, ದೇವರಿಗೂ ಅಭ್ಯಾಸವಾಗಿರಬೇಕು" ಎಂದು ಅವರು ನಕ್ಕರು. ನಮ್ಮ ಹಾಡುಗಳಲ್ಲಿಯೂ ಇಂಥದೊಂದು ಕಾಯಿಲೆಯಿದೆ ಎಂದು ನಾನು ಹೇಳಿದೆ. ಹ್ರಸ್ವವನ್ನು ನಾಲ್ಕು ಮಾತ್ರೆಗೆ ಎಳೆದು, ದೀರ್ಘವನ್ನು ಅರ್ಧಕ್ಕೆ ಕತ್ತರಿಸಿ ಹಾಡುವುದನ್ನು ಕೇಳಿ ಬೆಳೆದ ನಮಗೆ ಅದು ತಪ್ಪೆಂದು ತೋರುವುದೇ ಇಲ್ಲ, ಹೊರಗಿನವರು ಕೇಳಿ ನಕ್ಕಾಗ ಮಾತ್ರ ಕೆನ್ನೆ ಬಿಸಿಯಾಗುತ್ತದೆ. ಅವರಿಗೆ ಹ್ರಸ್ವ ದೀರ್ಘದ ಕಥೆ ಅಷ್ಟು ತಮಾಷೆಯೆನಿಸಲಿಲ್ಲ. ಅಪ್ಪನನ್ನು ಬೀಸಣಿಗೆ ಮಾಡಿದಷ್ಟು ದೊಡ್ಡ ಅನಾಹುತ ನಮ್ಮಲ್ಲಿ ಆಗಿಲ್ಲವೆಂದೇ ಅವರ ತೀರ್ಮಾನವಾಗಿರಬೇಕು.

ಈ ಗಂಟನ್ನು ಬಿಡಿಸಿದವರು ಎಫ್ರೇಮ್ ಅಮು (1899–1995). ಆಕ್ರೊಪಾಂಗಿನ ಅಧ್ಯಾಪಕರ ಕಾಲೇಜಿನಲ್ಲಿ ಸಂಗೀತ ಕಲಿಸುತ್ತಿದ್ದ ಅವರು ಮಾತಿನ ಏರಿಳಿತವನ್ನೇ ಅನುಸರಿಸುವ ರಾಗಗಳನ್ನು ಕಟ್ಟಿದರು, ಡೋಲು ಕೊಳಲುಗಳ ಕಡೆ ಕಿವಿ ತಿರುಗಿಸಿದರು, ಕೋಟು ಟೈ ಬಿಟ್ಟು ಆ ನೆಲದ ಬಟ್ಟೆಯನ್ನು ಮೈಗೆ ಸುತ್ತಿಕೊಂಡು ಪ್ರಸಂಗಕ್ಕೆ ನಿಂತರು. ಚರ್ಚಿನವರಿಗೆ ಇದನ್ನು ನುಂಗಲಾಗಲಿಲ್ಲ. 1933ರಲ್ಲಿ ಅವರು ಕಾಲೇಜಿನ ಕೆಲಸ ಕಳೆದುಕೊಂಡರು. ವಿರೋಧಿಸಿದವರು ಬಿಳಿಯರಷ್ಟೇ ಆಗಿರಲಿಲ್ಲ, ಸಭೆಯ ಸ್ವಂತ ಜನರೂ ಇದ್ದರು. ಅದೇ ನನಗೆ ಹೆಚ್ಚು ಅರ್ಥವಾಗುವ ಮಾತು: ಎರಡು ತಲೆಮಾರು ಕಷ್ಟಪಟ್ಟು ಕಲಿತ ಕೋಟನ್ನು ಒಬ್ಬ ಮೇಷ್ಟರು ಕಳಚಿ ಎಸೆದರೆ, ಕಲಿತವರಿಗೆ ಅದು ತಮ್ಮ ಮೇಲಿನ ತೀರ್ಪಿನಂತೆ ಕೇಳುತ್ತದೆ. ಮುಂದೆ ಅದೇ ಅಮು ಅವರ ಚಿತ್ರ ಇಪ್ಪತ್ತು ಸಾವಿರ ಸೆಡಿಯ ಹಳೆಯ ನೋಟಿನ ಮೇಲೆ ಬಂತು. ಈಗ ಡೋಲು ಚರ್ಚಿನೊಳಗೇ ಇದೆ. ಆರ್ಗನ್‌ಗೆ ಎಡಕ್ಕೆ, ನಾಲ್ಕು ಮೆಟ್ಟಿಲು ಕೆಳಗೆ. ಕೋರಲ್‌ಗಳ ಹೊತ್ತಿನಲ್ಲಿ ಡೋಲಿನವರು ಕೈಕಟ್ಟಿ ಕುಳಿತಿರುತ್ತಾರೆ, ಕಾಣಿಕೆಯ ಹೊತ್ತಿಗೆ ಆರ್ಗನ್ ನುಡಿಸುವವರು ಕನ್ನಡಕ ಒರೆಸಿಕೊಳ್ಳುತ್ತಾರೆ.

ಪಂಚಾಂಗವಿಲ್ಲದ ಮನೆ

ಡೋಲನ್ನು ನಿಷೇಧಿಸಿದ, ತರ್ಪಣವನ್ನು ನಿಲ್ಲಿಸಿದ, ಗುಲಾಮರನ್ನು ಇಟ್ಟುಕೊಂಡವರಿಗೆ ಸಭೆಯಲ್ಲಿ ಜಾಗವಿಲ್ಲವೆಂದು 1860ರ ದಶಕದಲ್ಲಿ ಕಟ್ಟುನಿಟ್ಟು ಮಾಡಿದ ಮಿಶನ್ ವಾರದ ಹೆಸರುಗಳನ್ನು ಯಾಕೆ ಬಿಟ್ಟಿತು? ಅವೇನೂ ಬರಿಯ ಕರೆಯುವ ಹೆಸರುಗಳಲ್ಲ. ಅವನ್ನು "ಕ್ರಾದಿನ್" ಎನ್ನುತ್ತಾರೆ. ಕ್ರಾ ಎಂದರೆ ಆತ್ಮ. ಮನುಷ್ಯನ ಕ್ರಾ ಯಾವ ವಾರ ಈ ಲೋಕಕ್ಕೆ ಇಳಿಯಿತೋ ಆ ವಾರಕ್ಕೆ ಅದರದೇ ಗುಣ, ಅದರದೇ ನಂಟು. ದೇವರಿಗೂ ವಾರವಿದೆ: 'ಓನ್ಯಾಂಕೊಪಾನ್ ಕ್ವಾಮೆ' ಎಂದರೆ ಶನಿವಾರದ ದೇವರು. ಓನ್ಯಾಂಕೊಪಾನ್ ಎಂಬ ಆ ಶಬ್ದವನ್ನೇ ಕ್ರಿಸ್ಟಾಲರ್ 1871ರ ಟ್ವಿ ಸತ್ಯವೇದದಲ್ಲಿ ದೇವರಿಗೆ ಬಳಸಿದರು. "ಅದಕ್ಕೇ ಶನಿವಾರದವರಿಗೆ ಅಷ್ಟು ಜಂಬ" ಎಂದು ಆಂಟಿ ಹೇಳಿದರು. ಆಕೆ ಸ್ವತಃ ಭಾನುವಾರದವರು.

ನಮ್ಮ ಕಡೆ ವಾರ, ತಿಥಿ, ನಕ್ಷತ್ರ ಇವೆಲ್ಲ ಪಂಚಾಂಗದೊಳಗಿದ್ದವು, ಪಂಚಾಂಗ ಪುರೋಹಿತರ ಕೈಯಲ್ಲಿತ್ತು. ಜಾತಕ ಬರೆಸುವುದೆಂದರೆ ಒಂದು ಮನೆಯ ಅಂಗಳಕ್ಕೆ ಹೋಗಿ, ತನ್ನ ಜಾತಿಗೆ ಎಷ್ಟು ದೂರ ಗೊತ್ತುಮಾಡಿದೆಯೋ ಅಷ್ಟು ದೂರದಲ್ಲಿ ನಿಂತು, ಕೇಳಿಸಿಕೊಳ್ಳುವುದು. ಅದನ್ನು ಬಿಟ್ಟುಬಿಡಲು ನನ್ನ ಮುತ್ತಜ್ಜನಿಗೆ ಮಿಶನರಿಗಳ ಒತ್ತಾಯ ಬೇಕಾಗಿರಲಿಲ್ಲ ಎಂದೇ ನನಗೆ ಅನಿಸುತ್ತದೆ. ಒಳ್ಳೆಯ ಗಳಿಗೆ ಕೆಟ್ಟ ಗಳಿಗೆ ನೋಡದೆ ಮದುವೆ ಮಾಡುವುದು, ಅಮಾವಾಸ್ಯೆಯ ದಿನ ಮನೆಗೆ ಪಾಯ ತೋಡುವುದು ನಮ್ಮ ಮನೆತನದಲ್ಲಿ ಒಂದು ಬಗೆಯ ಧೈರ್ಯವಾಗಿ ಬಂದಿದೆ, ಅಜ್ಜ ಅದನ್ನು ಹೇಳಿಕೊಳ್ಳುತ್ತಿದ್ದರು ಕೂಡ. ಆದರೆ ರಾಹುಕಾಲವನ್ನು ಎಸೆದ ಕೈಯೇ ಹುಟ್ಟಿದ ವಾರವನ್ನೂ ಎಸೆಯಿತು. ಮುತ್ತಜ್ಜನ ಹಳೆಯ ಹೆಸರು ಈಗ ಸಭೆಯ ರಿಜಿಸ್ಟರಿನ ಒಂದೇ ಒಂದು ಸಾಲಿನಲ್ಲಿದೆ, ದೀಕ್ಷಾಸ್ನಾನದ ಕಾಲಮಿನಲ್ಲಿ, ಅದರ ಪಕ್ಕದಲ್ಲಿಯೇ ಹೊಸ ಹೆಸರು. ಮನೆಯಲ್ಲಿ ಯಾರೂ ಹಳೆಯದನ್ನು ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ.

ಆಕ್ರೊಪಾಂಗಿನಲ್ಲಿ ವಾರದ ಹೆಸರು ಯಾರ ಕೈಯಲ್ಲಿತ್ತು? ಹೆರಿಗೆಯ ಕೋಣೆಯಲ್ಲಿದ್ದ ಹೆಂಗಸರ ಬಾಯಲ್ಲಿ. ಅದಕ್ಕೆ ದಕ್ಷಿಣೆಯಿಲ್ಲ, ಮೇಲು ಕೀಳಿಲ್ಲ. ಅರಸನೂ ಕ್ವಾಮೆ, ಆತನ ಆಳೂ ಕ್ವಾಮೆ. ಹೋರಾಡಲು ಎದುರಾಳಿಯೇ ಇಲ್ಲದ ಕಡೆ ಮಿಶನ್ ಹೋರಾಡಲಿಲ್ಲ, ಒಂದು ಕ್ರೈಸ್ತ ಹೆಸರನ್ನು ಮುಂದೆ ಸೇರಿಸಿ ತೃಪ್ತಿಪಟ್ಟಿತು. ಕ್ರಿಸ್ಟಾಲರರಂತೂ ಆ ಹೆಸರುಗಳನ್ನೆಲ್ಲ ನಿಘಂಟಿನಲ್ಲಿ ಸೇರಿಸಿದರು. 3,600 ಟ್ವಿ ಗಾದೆಗಳನ್ನು ಕೂಡಿಹಾಕಿ 1879ರಲ್ಲಿ ಅಚ್ಚು ಮಾಡಿಸಿದ ಮನುಷ್ಯ ಇದನ್ನು ಬಿಡುವವರಲ್ಲ. ನನ್ನ ಈ ಉತ್ತರಕ್ಕೆ ದಾಖಲೆಯ ಆಧಾರ ಕೇಳಿದರೆ ಕೊಡಲಾರೆ. ಮೂರು ತಿಂಗಳು ಎರಡೂ ಮನೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ ನನಗೆ ನಾನೇ ಹೇಳಿಕೊಂಡದ್ದು ಇದು. ಮಿಶನ್ ಎರಡೂ ಕಡೆ ಒಂದೇ ಪೊರಕೆ ಹಿಡಿದು ಬಂದಿತ್ತು, ಆದರೆ ಯಾವುದು ಕಸ ಎಂಬುದನ್ನು ಮನೆಯವರೂ ತೀರ್ಮಾನಿಸಿದರು.

ಇಷ್ಟೆಲ್ಲ ಯೋಚಿಸುವುದರೊಳಗೆ ಎರಡನೆಯ ಶನಿವಾರ ಬಂತು, ಆಂಟಿ ಬಿಡಲಿಲ್ಲ. "ನಾಳೆ ಮತ್ತೆ ಅತಿಥಿಯಾಗಿ ಹೋಗುತ್ತೀಯಾ?" ಎಂದರು. ಶಾಲೆಯ ದಾಖಲೆಯಲ್ಲಿ ನನ್ನ ಹುಟ್ಟಿದ ದಿನ ಜೂನ್ 1. ನಮ್ಮ ತಲೆಮಾರಿನ ಅರ್ಧ ಕರ್ನಾಟಕ ಹುಟ್ಟಿದ್ದು ಅದೇ ದಿನ ಎಂಬುದನ್ನು ಓದುಗರಿಗೆ ವಿವರಿಸಬೇಕಾಗಿಲ್ಲ, ಆಂಟಿಗೆ ವಿವರಿಸಲು ಮಾತ್ರ ಅರ್ಧ ಗಂಟೆ ಹಿಡಿಯಿತು. ಸಭೆಯ ರಿಜಿಸ್ಟರಿನಲ್ಲಿ ಬೇರೆ ತಾರೀಖಿದೆ, ಅದನ್ನು ಮೊಬೈಲಿನಲ್ಲಿ ಹಾಕಿ ನೋಡಿದರೆ ಗುರುವಾರ. ಹಾಗಾದರೆ ನೀನು "ಯಾ", ಗುರುವಾರ ಹುಟ್ಟಿದ ಹೆಣ್ಣು, ಎಂದು ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಖಚಿತ ಮಾಡಿಕೊಳ್ಳೋಣವೆಂದು ದೊಡ್ಡಮ್ಮನಿಗೆ ಫೋನು ಮಾಡಿದೆ. ಅಮ್ಮ ತೀರಿಕೊಂಡು ಬಹಳ ವರ್ಷಗಳಾಗಿವೆ, ಹೆರಿಗೆಯ ಹೊತ್ತಿಗೆ ಜೊತೆಯಲ್ಲಿದ್ದವರಲ್ಲಿ ಉಳಿದಿರುವವರು ದೊಡ್ಡಮ್ಮ ಒಬ್ಬರೇ.

"ಗುರುವಾರ ಯಾಕೆ ಆಗ್ತದೆ ಮಗಾ? ಅವತ್ತು ಸಂತೆ. ನಿನ್ನ ಅಪ್ಪ ಸಂತೆಗೆ ಹೋದವರು ವಾಪಸು ಬಂದಿರಲಿಲ್ಲ, ನಾನು ಲಾಟೀನು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಸಂತೆ ಬುಧವಾರ" ಎಂದರು. ರಿಜಿಸ್ಟರಿನಲ್ಲಿ ಹೀಗಿದೆಯಲ್ಲ ಎಂದೆ. "ಅದು ಉಪದೇಶಿಗಳು ಆಮೇಲೆ ಕೇಳಿ ಬರೆದದ್ದು" ಎಂದು ಹೇಳಿ, ಘಾನಾದಲ್ಲಿ ಅನ್ನ ಸಿಗುತ್ತದೆಯೇ ಎಂದು ವಿಚಾರಿಸತೊಡಗಿದರು.

ಎರಡು ವಾರಗಳ ನಡುವೆ ನಿಂತ ನಾನು ಆಂಟಿಯ ಮುಖ ನೋಡಿದೆ. ಸಂತೆ, ಲಾಟೀನು ಎಲ್ಲವನ್ನೂ ಭಾಷಾಂತರಿಸಿ ಹೇಳಿದೆ. ನಲವತ್ತು ವರ್ಷ ಹಾಜರಿ ಪುಸ್ತಕ ತುಂಬಿದ, ಮಿಶನ್ ಶಾಲೆಯ ಶಿಸ್ತನ್ನು ಮೈಗೆ ಅಂಟಿಸಿಕೊಂಡ ಆ ಶಿಕ್ಷಕಿ ಒಂದು ಕ್ಷಣವೂ ತಡೆಯಲಿಲ್ಲ. "ಪುಸ್ತಕ ಬರೆದವರು ಹೆರಿಗೆಯ ಕೋಣೆಯಲ್ಲಿದ್ದರೇ?" ಎಂದು ಕೇಳಿ, "ನೀನು ಅಕುವಾ" ಎಂದರು. ಬುಧವಾರ ಹುಟ್ಟಿದ ಹೆಣ್ಣು. ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಒಂದು ಬಿಳಿಯ ಕರವಸ್ತ್ರವನ್ನು ನನ್ನ ಕೈಗೆ ಕೊಟ್ಟರು.

ಬುಧವಾರದವರ ಕರೆ ಬಂದಾಗ ಎದ್ದೆ. ಕುಣಿದೆನೆಂದು ಹೇಳಲಾರೆ, ಬಾಸೆಲ್ ಮಿಶನ್ನಿನ ಮೊಣಕಾಲುಗಳು ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಕರವಸ್ತ್ರವನ್ನಂತೂ ಬೀಸಿದೆ. ಮುಂದಿದ್ದ ದಪ್ಪನೆಯ ಹೆಂಗಸು ಹಿಂತಿರುಗಿ ನೋಡಿ, ನನ್ನ ಮೊಣಕೈ ಹಿಡಿದು, ತನ್ನ ಹೆಜ್ಜೆಗೆ ಸೇರಿಸಿಕೊಂಡು ಪೆಟ್ಟಿಗೆಯವರೆಗೆ ಕರೆದೊಯ್ದಳು. ಎಣಿಕೆ ಮುಗಿದಾಗ ಭಾನುವಾರದವರು ಮೊದಲು, ಶನಿವಾರದವರು ಎರಡನೆಯವರು, ಬುಧವಾರದವರು ಏಳರಲ್ಲಿ ಏಳನೆಯವರು. ಹಿರಿಯರು ಮೈಕಿನಲ್ಲಿ ಏನೋ ಹೇಳಿದರು, ಇಡೀ ಚರ್ಚು ನಮ್ಮ ಕಡೆ ತಿರುಗಿ ನಕ್ಕಿತು. ಏನೆಂದರು ಎಂದು ಆಂಟಿಯನ್ನು ಕೇಳಿದೆ.

"ಬುಧವಾರಕ್ಕೆ ಇಂಡಿಯಾದಿಂದ ಜನ ಬಂದರೂ ಉಪಯೋಗವಾಗಲಿಲ್ಲ, ಮುಂದಿನ ವಾರ ಇನ್ನಷ್ಟು ತರಬೇಕಂತೆ" ಎಂದರು ಆಂಟಿ, ಗೆದ್ದವರ ಗತ್ತಿನಲ್ಲಿ ಕರವಸ್ತ್ರ ಮಡಚುತ್ತ.